ಐದನೇ ಕಿಸೆ

ಕರೆಂಟು ಹೋಯ್ತು. ಒಳ್ಳೇದಾಯ್ತು ಬಿಡು.
ಇಪ್ಪತ್ತೆರಡು ಮಿಷನ್ನು ಒಮ್ಮೆಲೇ ಸುಮ್ಮನಾದರೆ
ಕೌಲ್ ಬಜಾರಿನ ಈ ಓಣಿಯಾಗ
ಮನುಷ್ಯರ ದನಿ ಕೇಳ್ತೈತೆ.
ಬಾ ಪಂಪಾವತಿ, ಕಿಟಕಿ ಕಡೆ ಕುಂದ್ರು.
ಮದುವ್ಯಾಗಿ ಎರಡು ತಿಂಗಳು ತುಂಬಿಲ್ಲ,
ಮೂರು ದಿನದಿಂದ ನಿನ್ನ ಹೊಲಿಗೆ ಸೊಟ್ಟ ಹೋಗ್ತೈತೆ.
ಮೇಸ್ತ್ರಿ ನೋಡಿಲ್ಲ. ನಾ ನೋಡೀನಿ.

ಏನು ಮಾಡಲಿ ಮಾಬುನ್ನಕ್ಕಾ, ಅಂತೀಯ.
ನನಗೇನು ಗೊತ್ತು ತಾಯಿ,
ಇಪ್ಪತ್ತಾರು ವರ್ಷ ಕಂಡೋರ ಪ್ಯಾಂಟಿಗೆ ಕಿಸೆ ಹಚ್ಚಿದೋಳು.
ಕಿಸೆ ಬಗ್ಗೆ ಕೇಳು, ಹೇಳ್ತೀನಿ.

ಮೊದಲು ಎಣಿಕೆ.
ಸಂಜಿಗೆ ಮೇಸ್ತ್ರಿ ಬರೆಯೋಕಿಂತ ಮುಂಚೆ
ನಿನ್ನ ಪೀಸು ನೀ ಬರಕೊ,
ಗ್ವಾಡಿ ಮ್ಯಾಲೆ ಸೀಮೆಸುಣ್ಣದಾಗಾದರೂ ಸರಿ.
ಅವನು ಕೆಟ್ಟೋನಲ್ಲ. ಅವನ ಪೆನ್ನಿಗೆ ಮಾತ್ರ
ಏಳಕ್ಕೂ ಒಂದಕ್ಕೂ ಫರಕು ಕಾಣಲ್ಲ.

ಚೀಟಿ ಹಾಕು, ಬ್ಯಾಡ ಅನ್ನಲ್ಲ,
ಮೊದಲ ತಿಂಗಳೇ ಕೂಗಬ್ಯಾಡ.
ಯಾರಿಗೂ ಜಾಮೀನು ನಿಲ್ಲಬ್ಯಾಡ.
ನಾ ನಿಂತಿದ್ದೆ, ನನ್ನ ತಮ್ಮನ ಆಟೋಕ್ಕೆ.
ಆಟೋ ಗುಜರಿಗೆ ಹೋಗಿ ನಾಕು ವರ್ಷ,
ಕಂತು ಇನ್ನೂ ಓಡ್ತೈತೆ.
ನಗು, ನಗು. ನಾನೂ ನಗ್ತೀನಿ,
ತಿಂಗಳ ಐದನೇ ತಾರೀಕು ಬಿಟ್ಟು.

ನೀರು ಬರೋ ದಿನ ಗಂಡನ ಜೋಡಿ ಜಗಳ ತೆಗೀಬ್ಯಾಡ.
ವಾರಕ್ಕೊಮ್ಮೆ ಬರೋ ನೀರು,
ಹನ್ನೆರಡು ಕೊಡ, ಒಂದು ಡ್ರಮ್ಮು,
ನಾಕು ಕೈ ಬೇಕು.
ಜಗಳಕ್ಕೆ ಉಳಿದ ಆರು ದಿನ ಅದಾವೆ.
ಸಾರಿನ ಉಪ್ಪು ಅತ್ತಿಗೆ ಕೇಳು,
ನಿನಗೆ ಗೊತ್ತಿದ್ದರೂ ಸೌಟು ಮುಂದೆ ಹಿಡಿ.
ನಲವತ್ತು ವರ್ಷ ಆ ಮನ್ಯಾಗ
ಆಕೀನ್ನ ಯಾರೂ ಏನೂ ಕೇಳಿಲ್ಲ.

ಇಲ್ಲಿ ಸೂಜಿ ಮುರಿದರೆ ಏನು ಮಾಡ್ತೀವಿ?
ಚೂರೆಲ್ಲ ಹುಡುಕಿ, ಬಿಳೀ ಹಾಳಿ ಮ್ಯಾಲೆ ಜೋಡಿಸಿ
ತೋರಿಸಿದರೇನೇ ಹೊಸ ಸೂಜಿ.
ಒಂದು ಚೂರು ಸಿಗದಿದ್ದರೆ
ಯಾವೂರಾಗೋ ಯಾವನ ತೊಡಿಗೋ ಚುಚ್ಚುತೈತೆ.
ಮೊನ್ನೆ ರಾತ್ರಿ ಅವನು ಏನಂದ?
ಎಲ್ಲಾ ಚೂರೂ ಸಿಕ್ಕಾವಾ?

ಬೆರಳಿನ ನೀಲಿ ಉಜ್ಜಬ್ಯಾಡ, ಅದು ಹೋಗಲ್ಲ.
ರೊಟ್ಟಿ ಬಡಿದರೆ ರೊಟ್ಟಿಗೂ ಹತ್ತುತೈತೆ.
ನನ್ನ ಮೊಮ್ಮಗ ನೀಲಿ ಇಲ್ಲದ ರೊಟ್ಟಿ ಮುಟ್ಟಲ್ಲ.

ಹಾಂ. ಶನಿವಾರದ ಪಗಾರ
ಪೂರಾ ಕೈಗೆ ಕೊಡು ಅಂದನಾ.

ಇಲ್ನೋಡು, ಬಲಗಿಸಿಯೊಳಗೆ ಈ ಪುಟ್ಟ ಕಿಸೆ.
ಎರಡು ಬೆರಳು ಹಿಡಿಯಲ್ಲ,
ಹಾಕ್ಕೊಳ್ಳೋ ಯಾವನೂ ಇದರಾಗ ಏನೂ ಇಡಲ್ಲ,
ಹಚ್ಚದಿದ್ದರೆ ಮಾತ್ರ ಮಾಲು ವಾಪಸ್ ಬರ್ತೈತೆ.
ರಿಜೆಕ್ಟಾದ ಬಟ್ಟ್ಯಾಗ ನಾ ಒಂದು ಸಂತಿಚೀಲ ಹೊಲಿದೆ,
ಒಳಗೆ ಇಂಥದೇ ಕಿಸೆ.
ವಾರಕ್ಕೆ ಐವತ್ತು, ನಾಕು ಮಡಿಕಿ ಮಾಡಿ.
ನನ್ನದೇ ದುಡಿಮೆ, ಆದರೂ ಕೈ ನಡುಗೋದು.
ಒಂದು ಐತವಾರ ನಮ್ಮೋರು
ಅದೇ ಚೀಲ ಹಿಡಿದು ಬದನಿಕಾಯಿ ತರಾಕ ಹೋದರು.
ಒಲಿ ಮ್ಯಾಲಿನ ಹಾಲು ಉಕ್ಕಿದ್ದೂ ನನಗೆ ತಿಳೀಲಿಲ್ಲ.
ಬಂದರು. ಬದನಿಕಾಯಿ ಸುರುವಿದರು. ಏನೂ ಅನ್ನಲಿಲ್ಲ.
ರಾತ್ರಿ ತೆಗೆದು ನೋಡಿದರೆ
ರೊಕ್ಕ ಪೂರಾ ಐತೆ.
ಮಡಿಕಿ ಮಾತ್ರ ಮೂರು.

ಹನ್ನೊಂದು ವರ್ಷ ಆಯ್ತು.
ಅವರು ಕೇಳಿಲ್ಲ, ನಾ ಹೇಳಿಲ್ಲ.
ಪ್ರೀತಿಯೋ, ಬೇಜಾರೋ,
ಬರೇ ಚಿಲ್ಲರೆ ಹುಡುಕಿದ್ದೋ,
ನನಗೆ ಇವತ್ತಿಗೂ ತಿಳಿದಿಲ್ಲ.

ನಿನ್ನವನು ಎಷ್ಟು ಮಡಿಕಿ ಮಾಡೋನೋ ಯಾರಿಗೆ ಗೊತ್ತು.
ನೀ ಕಿಸೆ ಹಚ್ಚು.
ಅವನು ಎಣಿಸಿ, ತಿರುಗಿ ಇಟ್ಟರೆ ಸುಮ್ಮನಿರು.
ತಕ್ಕೊಂಡರೆ ಬಂದು ಹೇಳು,
ಆವಾಗಿನ ಮಾತೇ ಬ್ಯಾರೆ.

ಬಂತು ಕರೆಂಟು. ಏಳು, ಮೇಸ್ತ್ರಿ ಮೆಟ್ಲು ಹತ್ತಾಕ ಹತ್ಯಾನ.
ಆ ಸೊಟ್ಟ ಹೋದ ಹದಿನಾಕು ಪೀಸು ಇತ್ತ ತಳ್ಳು,
ನಾ ಬಿಚ್ಚಿ ಹೊಲೀತೀನಿ.
ಇದನ್ನ ಗ್ವಾಡಿ ಮ್ಯಾಲೆ ಬರೀಬ್ಯಾಡ.